ಕಮಲಾದೇವಿ ಚಟ್ಟೋಪಾಧ್ಯಾಯ: ತಪ್ಪು ಕಲ್ಪನೆಗಳು ಮತ್ತು ಸತ್ಯ

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ನವರಾತ್ರಿಯ ವೇಳೆ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲುಗಳ ಮೇಲೆ ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಭಕ್ತಿಯಿಂದ ಕೂರಿಸುವವರು ಅನೇಕರಿದ್ದರೂ, ಇಂಥ ಕೈಕಸಬುಗಳಿಗೆ ರಾಷ್ಟ್ರಜೀವನದಲ್ಲಿ ಮಾನ್ಯತೆಯನ್ನು ದೊರಕಿಸಿಕೊಡಲು ಆಯುಷ್ಯದ ಉತ್ತರಾರ್ಧವನ್ನೆಲ್ಲ ಧಾರೆಯೆರೆದ ಮಹನೀಯೆ ನಮ್ಮ ನಾಡಿನವರೇ ಎಂಬುದನ್ನು ಬಲ್ಲವರು ವಿರಳ. ಅವರ ಜೀವನವನ್ನು ಕವಿದಿರುವ ಕೆಲವು ಭ್ರಾಂತಿಗಳನ್ನು ನಿವಾರಿಸುವುದು ಈ ಲೇಖನದ ಉದ್ದೇಶ.

ತಪ್ಪು ಕಲ್ಪನೆ: ಕಮಲಾದೇವಿಯವರು ಬಂಗಾಳದವರು, ಸರೋಜಿನಿ ನಾಯಿಡು ಅವರ ತಮ್ಮನ ಪತ್ನಿಯಾದುದರಿಂದ ಪ್ರಸಿದ್ಧಿಗೆ ಬಂದವರು.

ಸತ್ಯ: ಅವರು ಜನಿಸಿದುದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಮನೆತನದಲ್ಲಿ. ತಂದೆ ಉಯಿಲು ಬರೆಯದೆ ತೀರಿಕೊಂಡುದರಿಂದ ಆಸ್ತಿಯೆಲ್ಲ ಮಲಮಗನ ಪಾಲಾಗಿ, ತಾಯಿ ಗಿರಿಜಾಬಾಯಿ ಬರಿಗೈಯಲ್ಲಿ ಉಳಿದುದನ್ನು ಏಳರ ವಯಸ್ಸಿನಲ್ಲೇ ಕಂಡ ಆ ಬಾಲಕಿ, ಎಳೆಯ ಪ್ರಾಯದಲ್ಲಿಯೇ ವಿವಾಹವನ್ನೂ ವೈಧವ್ಯವನ್ನೂ ಅನುಭವಿಸಿ, ಬಳಿಕ ಸಂಪ್ರದಾಯಸ್ಥರ ಆಕ್ಷೇಪವನ್ನು ಲೆಕ್ಕಿಸದೆ ಸರೋಜಿನಿಯವರ ತಮ್ಮ ಹರೀಂದ್ರನಾಥರ ಕೈಹಿಡಿದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅತ್ಯಲ್ಪ ಮತಗಳ ಅಂತರದಿಂದ ಸೋತಾಗ, ಅವರ ಬೆನ್ನಿಗಿದ್ದುದು ಸ್ವಂತ ಧೈರ್ಯವೇ ಹೊರತು ಮನೆತನದ ಕೀರ್ತಿಯಲ್ಲ.

ತಪ್ಪು ಕಲ್ಪನೆ: ಉಪ್ಪಿನ ಸತ್ಯಾಗ್ರಹಕ್ಕೆ ಮಹಿಳೆಯರನ್ನು ಗಾಂಧೀಜಿಯವರೇ ಮೊದಲಿನಿಂದಲೂ ಆಹ್ವಾನಿಸಿದ್ದರು.

ಸತ್ಯ: ದಂಡಿಯಾತ್ರೆಗೆ ಅವರು ಆರಿಸಿಕೊಂಡ 78 ಮಂದಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಮದ್ಯದಂಗಡಿ ಮತ್ತು ವಿದೇಶಿ ಬಟ್ಟೆಯಂಗಡಿಗಳ ಮುಂದಿನ ಪಿಕೆಟಿಂಗೇ ಸ್ತ್ರೀಯರಿಗೆ ಉಚಿತವೆಂದು ಭಾವಿಸಿದ್ದ ಗಾಂಧೀಜಿಯವರನ್ನು ಖುದ್ದಾಗಿ ಕಂಡು, ಉಪ್ಪಿನ ಹೋರಾಟದ ಬಾಗಿಲನ್ನು ಸ್ತ್ರೀಯರಿಗೂ ತೆರೆಯುವಂತೆ ಒತ್ತಾಯಿಸಿದವರಲ್ಲಿ ಕಮಲಾದೇವಿಯವರು ಅಗ್ರಗಣ್ಯರು. ಆಮೇಲೆ ಅವರು ಮುಂಬಯಿಯಲ್ಲಿ ಕಾನೂನನ್ನು ಮುರಿದು ಉಪ್ಪು ತಯಾರಿಸಿ, ಅದರ ಪೊಟ್ಟಣಗಳನ್ನು ಷೇರುಪೇಟೆಯ ವರ್ತಕರ ನಡುವೆಯೇ ಮಾರಿ, ಸೆರೆಮನೆ ಸೇರಿದರು.

ತಪ್ಪು ಕಲ್ಪನೆ: ಸ್ವಾತಂತ್ರ್ಯಾನಂತರ ಅವರು ರಾಜಕೀಯದಿಂದ ನಿವೃತ್ತರಾಗಿ, ಕಾಲಕ್ಷೇಪಕ್ಕಾಗಿ ಕರಕುಶಲ ವಸ್ತುಗಳ ಸಂರಕ್ಷಣೆಗೆ ತೊಡಗಿದರು.

ಸತ್ಯ: 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ ವಹಿಸಿದ್ದ ಕಮಲಾದೇವಿಯವರು, ಅಧಿಕಾರದ ಪದವಿಗಳನ್ನು ಬಯಸದೆ, 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿ, ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡವರಿಗಾಗಿ ಫರೀದಾಬಾದಿನಲ್ಲಿ ನಗರವೊಂದನ್ನೇ ನಿರ್ಮಿಸುವ ಕಾರ್ಯದಲ್ಲಿ ತೊಡಗಿದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ದುಡಿದು, 1964ರಲ್ಲಿ ಅಮೆರಿಕದ ಐಲೀನ್ ವೆಬ್ ಮೊದಲಾದವರೊಡನೆ ವಿಶ್ವ ಕರಕುಶಲ ಪರಿಷತ್ತನ್ನೂ, ಅದೇ ವರ್ಷ ಸ್ವದೇಶದಲ್ಲಿ ಭಾರತೀಯ ಕರಕುಶಲ ಪರಿಷತ್ತನ್ನೂ ಸ್ಥಾಪಿಸಿದರು. ಚರಕದ ನೂಲಿನಲ್ಲಿ ಸ್ವರಾಜ್ಯವನ್ನು ಕಂಡ ಪೀಳಿಗೆಗೆ ಕುಶಲಕರ್ಮಿಯ ಸ್ವಾವಲಂಬನೆಯು ಅದೇ ಹೋರಾಟದ ಮುಂದುವರಿಕೆಯಾಗಿತ್ತು.

ತಪ್ಪು ಕಲ್ಪನೆ: ಕರಕುಶಲ ವಸ್ತುವೆಂದರೆ ಗಾಜಿನ ಬೀರುವಿನಲ್ಲಿಡಬೇಕಾದ ಅಲಂಕಾರ.

ಸತ್ಯ: ಚನ್ನಪಟ್ಟಣದ ಕುಶಲಕರ್ಮಿಯು ಹಾಲೆಮರದ ತುಂಡನ್ನು ಮರ ಕಡೆಯುವ ಚರಕಿಗೆ ಬಿಗಿದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಅನಂತರ ಕೇದಗೆಯ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಎಂಬ ಜ್ಞಾನ ಅವನ ಬೆರಳುಗಳಲ್ಲಿದೆ. ಅವನಿಗೆ ಕೂಲಿ ಹುಟ್ಟದ ದಿನ ಅದೂ ಲುಪ್ತವಾಗುತ್ತದೆ. ಆದ್ದರಿಂದಲೇ ವಸ್ತುವಿಗಿಂತ ಮಿಗಿಲಾಗಿ ಕರ್ಮಿಯ ಜೀವನೋಪಾಯವನ್ನು ರಕ್ಷಿಸುವುದು ಕಮಲಾದೇವಿಯವರ ನಿಲುವಾಗಿತ್ತು.

ತಪ್ಪು ಕಲ್ಪನೆ: ಬೆಂಗಳೂರಿಗೂ ಅವರಿಗೂ ಸಂಬಂಧವಿಲ್ಲ.

ಸತ್ಯ: ಅವರ ಪೋಷಣೆಯಲ್ಲಿ 1964ರಲ್ಲಿ ಆರಂಭವಾದ ಕಥಕ್ ಮತ್ತು ನೃತ್ಯಸಂಯೋಜನೆಯ ಶಿಕ್ಷಣಸಂಸ್ಥೆಯನ್ನು ನಡೆಸಿದವರು ಮಲ್ಲೇಶ್ವರದ ಮಗಳಾದ ಮಾಯಾ ರಾವ್, 1987ರಲ್ಲಿ ಆ ಸಂಸ್ಥೆ ಮಲ್ಲೇಶ್ವರಕ್ಕೇ ಬಂದು ನೆಲೆಸಿತು.

1966ರ ಮ್ಯಾಗ್ಸೆಸೆ ಪ್ರಶಸ್ತಿಯೂ 1987ರ ಪದ್ಮವಿಭೂಷಣವೂ ಸಂದ ಆ ಹಿರಿಯ ಜೀವ 1988ರ ಅಕ್ಟೋಬರ್ 29ರಂದು ತೀರಿಕೊಂಡಿತು. ಪರಂಪರೆಯ ಅಭಿಮಾನವುಳ್ಳವರು ಅವರಿಗೆ ಸಲ್ಲಿಸಬಹುದಾದ ಗೌರವ ಒಂದೇ: ಮುಂದಿನ ನವರಾತ್ರಿಗೆ ಬೊಂಬೆಯನ್ನು ಕೊಳ್ಳುವಾಗ ಮಾಡಿದವರ ಹೆಸರನ್ನು ಕೇಳಿ ತಿಳಿಯಿರಿ, ಅವರ ಶ್ರಮಕ್ಕೆ ತಕ್ಕ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಿರಿ.