ಹೊದಿಕೆಯೊಳಗೆ ಕೈ, ಕೈಯೊಳಗೆ ಗೆಲುವು!

ಮಾತುಗಾರನ ಸಂಯಮವನ್ನು ಹೇಗೆ ಅಳೆಯುತ್ತೀರಿ? ಆಡುವ ಪದಗಳಿಂದಲೇ? ದನಿಯಿಂದಲೇ? ಊಹಿಸಿ!

ಅಲ್ಲ, ಕೈಯಿಂದ! ಹೊದ್ದ ವಸ್ತ್ರದ ಒಳಗಿದೆಯೋ, ಹೊರಗಿದೆಯೋ, ಅದೇ ಅಳತೆಗೋಲು!

ಕ್ರಿ.ಪೂ. 345ರ ಆಸುಪಾಸಿನ ಅಥೆನ್ಸ್. ನ್ಯಾಯಾಲಯದಲ್ಲಿ ಈಸ್ಕಿನೀಸ್ ಎದ್ದು ನಿಂತಿದ್ದಾನೆ. ಮೊದಲು ನಾಟಕದ ನಟ, ಈಗ ರಾಜಕಾರಣಿ. ಎದುರಾಳಿ ಟಿಮಾರ್ಕಸ್.

ಈಸ್ಕಿನೀಸ್ ಹಿರಿಯರನ್ನು ನೆನಪಿಸುತ್ತಾನೆ. ಪೆರಿಕ್ಲಿಸ್! ಥೆಮಿಸ್ಟೊಕ್ಲಿಸ್! ಅರಿಸ್ಟೈಡಿಸ್! ಕೈ ಹೊರಚಾಚಿ ಭಾಷಣ ಮಾಡುವುದೇ ಅವರಿಗೆ ಉದ್ಧಟತನವಂತೆ. ಈ ಟಿಮಾರ್ಕಸ್ ಏನು ಮಾಡಿದ? ತುಂಬಿದ ಸಭೆಯಲ್ಲಿ ಹೊದಿಕೆ ಕಿತ್ತೆಸೆದು ಜಟ್ಟಿಯ ಹಾಗೆ ಕುಣಿದ! ಕುಡಿತದಿಂದ ಕೆಟ್ಟುಹೋದ ಆ ಮೈ ನೋಡಲಾರದೆ ಮಾನವಂತರು ಕಣ್ಣು ಮುಚ್ಚಿಕೊಂಡರು!

ಹಿರಿಯರು ಹಾಗಿದ್ದರೆಂಬುದಕ್ಕೆ ಸಾಕ್ಷಿ? ಸಲಾಮಿಸ್ ದ್ವೀಪದ ಸಂತೆಚೌಕದಲ್ಲಿ ನಿಂತಿದೆ! ಮಹಾ ಶಾಸನಕಾರ ಸೋಲೋನನ ಪ್ರತಿಮೆ. ಕೈ ಹೊದಿಕೆಯೊಳಗೆ! ಈಸ್ಕಿನೀಸ್ ಆ ಭಂಗಿಯನ್ನು ಅಭಿನಯಿಸಿಯೂ ತೋರಿಸಿದ.

ಟಿಮಾರ್ಕಸ್ ಸೋತ. ನಾಗರಿಕ ಹಕ್ಕುಗಳೇ ಹೋದವು! ಕೈ ಆಡಿಸದೆ ನಿಲ್ಲುವುದೂ ಒಂದು ವಾದ! ಗ್ರೀಕರು ಸಂಯಮವನ್ನು ಬರಿಯ ಗುಣವೆಂದು ಬಿಡಲಿಲ್ಲ, ಅದನ್ನು ಮನವೊಲಿಸುವ ಆಯುಧವಾಗಿ ಮಸೆದರು. ನನಗಂತೂ ಇದೇ ಪರಮಾಶ್ಚರ್ಯ!

ತಾಳಿ, ಕಥೆ ಮುಗಿದಿಲ್ಲ.

ಕ್ರಿ.ಪೂ. 343. ಈ ಸಲ ಆರೋಪಿ ಈಸ್ಕಿನೀಸನೇ! ಎದುರಿಗೆ ಯಾರು? ಹೆಸರಾಂತ ವಾಗ್ಮಿ ಡೆಮೊಸ್ತನೀಸ್! ಸೋಲೋನನ ಆ ಪ್ರತಿಮೆಗೆ ಎಷ್ಟು ವಯಸ್ಸು, ಹೇಳಿ? ನೂರು? ಇನ್ನೂರು?

ಸಲಾಮಿಸ್‌ನವರ ಮಾತನ್ನೇ ಡೆಮೊಸ್ತನೀಸ್ ಮುಂದಿಟ್ಟ. 50 ವರ್ಷವೂ ಆಗಿಲ್ಲ! ಸೋಲೋನ್ ಇದ್ದದ್ದು? ಸುಮಾರು 240 ವರ್ಷ ಹಿಂದೆ! ಶಿಲ್ಪಿ ಹಾಗಿರಲಿ, ಶಿಲ್ಪಿಯ ಅಜ್ಜ ಕೂಡ ಸೋಲೋನನ ಕಾಲದವನಲ್ಲ!

ಮಾತು ಅಲ್ಲಿಗೇ ನಿಲ್ಲಲಿಲ್ಲ. ಭಾಷಣದಲ್ಲಿ ಕೈ ಒಳಗಿಟ್ಟರೆ ಏನು ಬಂತು, ರಾಯಭಾರಕ್ಕೆ ಹೋದಾಗ ಒಳಗಿಡಬೇಕಿತ್ತು! ಮ್ಯಾಸಿಡೋನಿಯದ ಫಿಲಿಪ್ ದೊರೆಯ ಹಣಕ್ಕೆ ಕೈಯೊಡ್ಡಿದನೆಂಬುದೇ ಈಸ್ಕಿನೀಸನ ಮೇಲಿದ್ದ ಆರೋಪ. ಎಂಥ ಏಟು!

ಇನ್ನು ಸೋಲೋನನದೇ ಕಥೆ ಕೇಳಿ. ಸಲಾಮಿಸ್‌ಗಾಗಿ ಮತ್ತೆ ಯುದ್ಧವೆಂದರೆ ಮರಣದಂಡನೆ ಎಂಬ ಕಾನೂನಿದ್ದ ಕಾಲವದು. ಆಗ ಈ ಸಂಯಮಮೂರ್ತಿ ಏನು ಮಾಡಿದನೆಂದು ಜೀವನಚರಿತ್ರಕಾರ ಪ್ಲುಟಾರ್ಕ್ ಬರೆಯುತ್ತಾನೆ, ಗೊತ್ತೇ? ಹುಚ್ಚು ಹಿಡಿದವನಂತೆ ನಟಿಸಿದ! ತಲೆಗೆ ಟೊಪ್ಪಿಗೆ ಹಾಕಿ ಸಂತೆಗೆ ನುಗ್ಗಿದ! ತಾನೇ ಕಟ್ಟಿದ 100 ಸಾಲಿನ ಪದ್ಯ ಹಾಡಿದ! ಜನ ಯುದ್ಧಕ್ಕೆ ಹೊರಟೇಬಿಟ್ಟರು!

ಆ ಮೊಕದ್ದಮೆಯಲ್ಲಿ ಈಸ್ಕಿನೀಸ್ ಏನಾದ? ಖುಲಾಸೆ! ಕೂದಲೆಳೆಯಲ್ಲಿ ಪಾರು!

ವೆಸೂವಿಯಸ್ ಬೂದಿಯಲ್ಲಿ ಹೂತುಹೋದ ಹರ್ಕ್ಯುಲೇನಿಯಂನಿಂದ 18ನೆಯ ಶತಮಾನದಲ್ಲಿ ಅವನ ಪ್ರತಿಮೆಯೊಂದು ಮೇಲೆದ್ದಿತು. ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಕೈ ಎಲ್ಲಿದೆ? ಹೊದಿಕೆಯೊಳಗೇ! ಅದು ಯಾರೆಂದು ತಿಳಿಯದೆ ಜನ ಬಹುಕಾಲ ಅದನ್ನು ಕರೆದ ಹೆಸರೇನು ಗೊತ್ತೇ? ಅರಿಸ್ಟೈಡಿಸ್! ಈಸ್ಕಿನೀಸನ ಪಟ್ಟಿಯಲ್ಲಿದ್ದ ಅದೇ ಹಿರಿಯ!