ಒಂದೇ ಸೀಟಿಗೆ ಇಬ್ಬರು ಬೆರಳೊತ್ತಿದರೆ?

ಪ್ರಶ್ನೆ: ಬಸ್ಸಿನ ಒಂದೇ ಸೀಟನ್ನು ಒಂದೇ ಕ್ಷಣದಲ್ಲಿ ಇಬ್ಬರು ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಲೆಕ್ಕ ತಪ್ಪುವುದಿಲ್ಲವೆ? ಇಂಥಲ್ಲಿ ‘ಆ್ಯಕ್ಟರ್’ ಎಂಬುದರ ಕೆಲಸವೇನು?
– ಓದುಗರೊಬ್ಬರು, ಯಮಕನಮರಡಿ

ಉತ್ತರ: ತಪ್ಪಬಹುದು, ಅದನ್ನು ತಡೆಯುವ ಹಲವು ದಾರಿಗಳಲ್ಲಿ ಆ್ಯಕ್ಟರ್ ಒಂದು.

ಆ್ಯಕ್ಟರ್ ಎಂದರೆ ತನ್ನ ಮಾಹಿತಿಯನ್ನು ತನ್ನಲ್ಲೇ ಇಟ್ಟುಕೊಂಡ ಪುಟ್ಟ ತಂತ್ರಾಂಶ ಘಟಕ. ಬೇರೆಯವರು ಆ ಮಾಹಿತಿಯನ್ನು ನೇರವಾಗಿ ಮುಟ್ಟುವಂತಿಲ್ಲ, ಸಂದೇಶ ಕಳಿಸಬೇಕು. ಅಂಚೆ ಪೆಟ್ಟಿಗೆಗೆ ಬಿದ್ದ ಕಾಗದಗಳಂತೆ ಸಂದೇಶಗಳು ಸಾಲಾಗಿ ಕೂಡುತ್ತವೆ. ಆ್ಯಕ್ಟರ್ ಒಂದೊಂದನ್ನೇ ತೆಗೆದು ಮುಗಿಸುತ್ತದೆ. ಪ್ರತಿ ಬಸ್ಸಿಗೂ ಒಂದು ಆ್ಯಕ್ಟರ್ ಇದ್ದರೆ ಮೊದಲು ಬಂದ ಕೋರಿಕೆಗೆ ಸೀಟು, ಎರಡನೆಯದಕ್ಕೆ ‘ಖಾಲಿ ಇಲ್ಲ’ ಎಂಬ ಉತ್ತರ.

ಈ ಕಲ್ಪನೆಯನ್ನು 1973ರಲ್ಲಿ ಮುಂದಿಟ್ಟವರಲ್ಲಿ ಕಾರ್ಲ್ ಹೆವಿಟ್ ಪ್ರಮುಖರು. ಎರಿಕ್ಸನ್ ಕಂಪನಿ ಟೆಲಿಫೋನ್ ಜಾಲಕ್ಕೆಂದು ರೂಪಿಸಿದ ಎರ್ಲಾಂಗ್ ಭಾಷೆ ಇದೇ ಜಾಡಿನದು. ಅದನ್ನೇ ನೆಚ್ಚಿದ ವಾಟ್ಸ್‌ಆ್ಯಪ್, 2012ರ ಹೊತ್ತಿಗೆ ಒಂದೇ ಸರ್ವರ್‌ನಲ್ಲಿ 20 ಲಕ್ಷ ಸಂಪರ್ಕಗಳನ್ನು ಹಿಡಿದಿಟ್ಟಿತ್ತು. ಜಾವಾ ಬಲ್ಲವರಿಗೆ 2009ರಿಂದ ‘ಅಕ್ಕಾ’ ಎಂಬ ಆ್ಯಕ್ಟರ್ ಸಾಧನ ಇದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ‘ಫ್ಲಕ್ಸ್’ ಎಂಬ ಮುಕ್ತ ತಂತ್ರಾಂಶವೂ ಅಕ್ಕಾ ಬಳಸಿದೆ.

ವೆಬ್ ಆ್ಯಪ್‌ಗೆ ಅಕ್ಕಾವನ್ನು ಜೋಡಿಸುವವರು ಎಚ್ಚರವಾಗಿರಬೇಕು. ಆ್ಯಕ್ಟರ್ ವ್ಯವಸ್ಥೆಯನ್ನು ಆ್ಯಪ್ ಶುರುವಾದಾಗ ಒಮ್ಮೆ ಎಬ್ಬಿಸಬೇಕು, ಪ್ರತಿ ಕೋರಿಕೆಗೂ ಅಲ್ಲ. ಡೇಟಾಬೇಸ್‌ಗಾಗಿ ಕಾಯುವ ಕೆಲಸಕ್ಕೆ ಬೇರೆ ಥ್ರೆಡ್‌ಗಳನ್ನು ಮೀಸಲಿಡಬೇಕು. ಸರ್ವರ್‌ಗಳು ಹಲವಿದ್ದರೆ ಒಂದು ಬಸ್ಸಿನ ಆ್ಯಕ್ಟರ್ ಒಂದೇ ಕಡೆ ಇರುವಂತೆ ಕ್ಲಸ್ಟರ್ ಕಟ್ಟಬೇಕು.

2022ರಲ್ಲಿ ಅಕ್ಕಾದ ಪರವಾನಗಿ ಬದಲಾಗಿ, ಅದು ಎಲ್ಲರಿಗೂ ಉಚಿತವಾಗಿ ಉಳಿದಿಲ್ಲ. ಉಚಿತವಾದುದೇ ಬೇಕೆನ್ನುವವರು ಅದರಿಂದ ಕವಲೊಡೆದ ‘ಅಪಾಚೆ ಪೆಕ್ಕೊ’ ನೋಡಬಹುದು.