ಪಾಠದ ನಡುವಿನ ಗುಂಯ್ ಸದ್ದು: ಸಮತೋಲಿತ ವಿದ್ಯುತ್ ಎಂದರೇನು?

ಬೊಕ್ಕಾಪುರಂಗೆ ಸಮೀಪದ ಸಿಂಗಾರದಲ್ಲಿ ಪೈಕಾರಾ ನದಿಯ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾದುದು 1932ರಲ್ಲಿ. ವಿದ್ಯುತ್ತಿನ ತವರಿನ ಪಕ್ಕದಲ್ಲೇ ವಾಸಿಸುವ ನಮಗೆ, ಆ ವಿದ್ಯುತ್ತೇ ನಮ್ಮ ಕನ್ನಡ ಪಾಠಕ್ಕೆ ಅಡ್ಡಿಯಾದೀತು ಎಂಬ ಕಲ್ಪನೆ ಇರಲಿಲ್ಲ. ಸಂಜೆಯ ವೇಳೆ ಮಕ್ಕಳನ್ನು ಕೂಡಿಸಿ, ಲ್ಯಾಪ್‌ಟಾಪಿನಲ್ಲಿರುವ ಪದ್ಯವಾಚನವನ್ನು ಆಂಪ್ಲಿಫೈಯರ್ ಮೂಲಕ ಕೇಳಿಸಲು ಹೊರಟಾಗ ಮೊದಲು ಕೇಳಿಬಂದುದು ಪದ್ಯವಲ್ಲ, ಎಡೆಬಿಡದ ಗುಂಯ್ ಸದ್ದು.

ಇದನ್ನು ಅಲ್ಪ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂಬಂತೆ ಬೆಳೆಯುವ ನಮ್ಮ ಮಕ್ಕಳಿಗೆ ಅಲ್ಪಪ್ರಾಣ–ಮಹಾಪ್ರಾಣಗಳ ವ್ಯತ್ಯಾಸವು ಕಿವಿಯಿಂದಲೇ ಬರಬೇಕು. ಗಡಿಭಾಗದಲ್ಲಿ ಒಳ್ಳೆಯ ಉಚ್ಚಾರಣೆಯನ್ನು ಕೇಳುವ ಅವಕಾಶಗಳೇ ವಿರಳ. ಇರುವ ಒಂದು ಧ್ವನಿಯೂ ಸದ್ದಿನಲ್ಲಿ ಮುಳುಗಿದರೆ ನಷ್ಟವಾಗುವುದು ಭಾಷೆಗೆ.

ಈ ಸದ್ದು ಎಲ್ಲಿಂದ ಬರುತ್ತದೆ? ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, ಸೆಕೆಂಡಿಗೆ 50 ಆವರ್ತನೆಯದು. ಎರಡು ತಂತಿಗಳಲ್ಲಿ ಫೇಸ್ ತಂತಿಯು ಭೂಮಿಗೆ ಹೋಲಿಸಿದರೆ 230 ವೋಲ್ಟಿನಲ್ಲಿರುತ್ತದೆ. ನ್ಯೂಟ್ರಲ್ ಬಹುಮಟ್ಟಿಗೆ ಸೊನ್ನೆಯಲ್ಲಿರುತ್ತದೆ. ಚಾರ್ಜರ್ ಮೊದಲಾದ ಹಲವು ಸಾಧನಗಳಲ್ಲಿ ಈ ಎರಡೂ ತಂತಿಗಳಿಂದ ಲೋಹದ ಕವಚಕ್ಕೆ, ಅಂದರೆ ಅರ್ಥ್‌ಗೆ, ಪುಟ್ಟ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಕೆಪಾಸಿಟರ್ 2.2 ನ್ಯಾನೋಫ್ಯಾರಡ್‌ನದಾದರೆ ಫೇಸ್ ಕಡೆಯಿಂದ ಸುಮಾರು 0.16 ಮಿಲಿಆಂಪಿಯರ್ ಪ್ರವಾಹ ಅರ್ಥ್‌ಗೆ ಸೋರುತ್ತದೆ. ನ್ಯೂಟ್ರಲ್ ಕಡೆಯಿಂದ ಸೋರುವುದು ಏನೂ ಇಲ್ಲವೆನ್ನಬಹುದು. ಹೀಗೆ ಸೋರಿದ ಪ್ರವಾಹದ ಒಂದು ಪಾಲು ಆಡಿಯೋ ಕೇಬಲ್ಲಿನ ಹೊರಹೊದಿಕೆಯ ತಂತಿಯಲ್ಲಿ ಹರಿದಾಗ, ಆಂಪ್ಲಿಫೈಯರ್ ಅದನ್ನೂ ಧ್ವನಿಯೆಂದೇ ಭಾವಿಸಿ ಹಿಗ್ಗಿಸುತ್ತದೆ. ಎರಡು ಸಾಧನಗಳು ಬೇರೆ ಬೇರೆ ಸಾಕೆಟ್ಟುಗಳ ಮೂಲಕ ಅರ್ಥ್‌ಗೆ ಸೇರಿದ್ದರೆ ತೊಂದರೆ ಹೆಚ್ಚುತ್ತದೆ. ಆಗ ಅರ್ಥ್ ತಂತಿ ಮತ್ತು ಆಡಿಯೋ ಕೇಬಲ್ ಸೇರಿ ಒಂದು ಸುತ್ತು ಏರ್ಪಡುತ್ತದೆ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಯಾರೋ ಹೇಳಿದರೆಂದು ನಾವು ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಳಚಿದೆವು. ಸದ್ದು ನಿಂತಿತು, ನಮಗೆ ಹಿಗ್ಗಾಯಿತು. ಕೆಲವು ದಿನಗಳ ಬಳಿಕ ಆಡಿಯೋ ಕೇಬಲ್ ಕಳಚಿದ್ದಾಗ ಹುಡುಗಿಯೊಬ್ಬಳು ಪೆಟ್ಟಿಗೆಯನ್ನು ಮುಟ್ಟಿ, ಜುಮ್ಮೆಂದು ಕೈ ಹಿಂದೆಗೆದಳು. ಅಲ್ಲಿಯವರೆಗೆ ಆ ಕೇಬಲ್ಲೇ ಅರ್ಥ್‌ನ ಕೆಲಸ ಮಾಡುತ್ತಿತ್ತು. ಅದೂ ಇಲ್ಲವಾದಾಗ, ಎರಡು ಕೆಪಾಸಿಟರುಗಳ ನಡುವೆ ಸಿಕ್ಕ ಲೋಹದ ಕವಚವು ಸರಿಸುಮಾರು 115 ವೋಲ್ಟಿಗೆ ಏರಿತ್ತು. ಪ್ರವಾಹ ಅತ್ಯಲ್ಪವಾಗಿದ್ದುದರಿಂದ ಅಪಾಯವಾಗಲಿಲ್ಲ. ಒಳಗಿನ ಫೇಸ್ ತಂತಿಯೇ ಕವಚಕ್ಕೆ ತಾಗಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಅಂಜಿಕೆ. ಆದ್ದರಿಂದ ಮೊದಲ ಮಾತು ಇದು: ಸದ್ದಿನ ನಿವಾರಣೆಗಾಗಿ ಅರ್ಥ್ ಪಿನ್ನನ್ನು ಎಂದಿಗೂ ಕಳಚಬಾರದು.

ಹಾಗಾದರೆ ಏನು ಮಾಡಬೇಕು? ಮೊದಲಿಗೆ ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದು, ಬ್ಯಾಟರಿಯಲ್ಲಿ ನಡೆಸಿ ನೋಡಿರಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಪಾಠ ಮುಗಿಯುವವರೆಗೆ ಬ್ಯಾಟರಿಯೇ ಸಾಕು. ಎರಡನೆಯದಾಗಿ, ಎಲ್ಲ ಸಾಧನಗಳನ್ನೂ ಅರ್ಥ್ ಸರಿಯಿರುವ ಒಂದೇ ಹಲಗೆಗೆ ಜೋಡಿಸಿರಿ. ಮೂರನೆಯದಾಗಿ, ಆಡಿಯೋ ಕೇಬಲ್ಲಿನ ನಡುವೆ ಒಂದಕ್ಕೊಂದು ಅನುಪಾತದ ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರನ್ನು ಇರಿಸಿದರೆ, ಧ್ವನಿ ದಾಟುತ್ತದೆ, ಅರ್ಥ್‌ನ ಸುತ್ತು ಕಡಿಯುತ್ತದೆ. ಬಹುತೇಕ ಮನೆಗಳ ತೊಂದರೆ ಇಷ್ಟರಲ್ಲೇ ತೀರುತ್ತದೆ.

ಇಷ್ಟಾದರೂ ಸದ್ದು ಉಳಿದರೆ ಮಾತ್ರ ಸಮತೋಲಿತ ವಿದ್ಯುತ್ ಪೂರೈಕೆಯ ಪ್ರಶ್ನೆ ಏಳುತ್ತದೆ. ಅದರ ತತ್ತ್ವ ಸರಳ. 230 ವೋಲ್ಟನ್ನು ಪಡೆದು, ನಡುವಿನಲ್ಲಿ ಕವಲು ತೆಗೆದ ಸುರುಳಿಯಿಂದ 115–0–115 ವೋಲ್ಟ್ ಕೊಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಬಳಸುತ್ತಾರೆ. ನಡುವಿನ ಕವಲನ್ನು ಅರ್ಥ್‌ಗೆ ಸೇರಿಸುತ್ತಾರೆ. ಎರಡು ಹೊರತುದಿಗಳ ನಡುವೆ ಸಾಧನಕ್ಕೆ ಎಂದಿನಂತೆ 230 ವೋಲ್ಟ್ ದೊರೆಯುತ್ತದೆ. ಆದರೆ ಒಂದು ತುದಿ ಮೇಲೇರಿದಾಗ ಇನ್ನೊಂದು ಅಷ್ಟೇ ಕೆಳಗಿಳಿಯುತ್ತದೆ. ಒಂದು ಕೆಪಾಸಿಟರಿನಿಂದ 0.08 ಮಿಲಿಆಂಪಿಯರ್ ಅರ್ಥ್‌ಗೆ ಬರುವ ಕ್ಷಣದಲ್ಲೇ ಮತ್ತೊಂದು ಅಷ್ಟನ್ನೇ ಹಿಂದಕ್ಕೆ ಸೆಳೆಯುತ್ತದೆ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಸಮತೂಕವಿಟ್ಟಂತೆ, ಅರ್ಥ್ ತಂತಿ ನಿಶ್ಶಬ್ದವಾಗುತ್ತದೆ. ಎರಡು ಕೆಪಾಸಿಟರುಗಳು ಎಷ್ಟು ಸಮವಾಗಿವೆಯೋ ಅಷ್ಟರಮಟ್ಟಿಗೆ ಮಾತ್ರ ಈ ಫಲ ಎಂಬುದನ್ನು ಮರೆಯಬಾರದು. ವೋಲ್ಟೇಜಿನ ಏರಿಳಿತ, ವಿದ್ಯುತ್ ಕಡಿತ, ಸಡಿಲವಾದ ಕೇಬಲ್, ಇವುಗಳಿಗೆ ಇದು ಮದ್ದಲ್ಲ.

ನಿರ್ಮಾಣದಲ್ಲಿ ಗಮನಿಸಬೇಕಾದ ಅಂಶಗಳಿವು. ಸಾಧನಗಳು ಒಟ್ಟು 200 ವ್ಯಾಟ್ ಬಳಸುವುದಾದರೆ ಟ್ರಾನ್ಸ್‌ಫಾರ್ಮರ್ 500 ವೋಲ್ಟ್‌ಆಂಪಿಯರ್‌ನದಿರಲಿ. ಬಳೆಯಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಸ್ವಿಚ್ ಹಾಕಿದ ಕ್ಷಣ ಬಹಳ ಪ್ರವಾಹ ಎಳೆಯುವುದರಿಂದ ಅದಕ್ಕೆ ತಕ್ಕ ಎಂಸಿಬಿ ಬೇಕು. ಹೊರಬರುವ ಎರಡೂ ತಂತಿಗಳು ಜೀವಂತ. ನ್ಯೂಟ್ರಲ್ ಎಂಬುದು ಅಲ್ಲಿಲ್ಲ. ಸಾಮಾನ್ಯ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ. ಅದು ಆರಿದ್ದರೂ ಇನ್ನೊಂದು ತಂತಿಯಲ್ಲಿ ಭೂಮಿಗೆ 115 ವೋಲ್ಟ್ ಉಳಿದೇ ಇರುತ್ತದೆ. ಆದಕಾರಣ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿ ಕಡ್ಡಾಯ. ಮನೆಯ ಆರ್‌ಸಿಸಿಬಿಯ ಕಾವಲು ಟ್ರಾನ್ಸ್‌ಫಾರ್ಮರಿನ ಆಚೆಗೆ ಸಲ್ಲದು. ಹೊರಬದಿಗೆ 30 ಮಿಲಿಆಂಪಿಯರಿನ ಪ್ರತ್ಯೇಕ ಆರ್‌ಸಿಸಿಬಿ ಇರಬೇಕು. ಲೋಹದ ಪೆಟ್ಟಿಗೆ ಅರ್ಥ್‌ಗೆ ಸೇರಿರಬೇಕು. ದೀಪ, ಮಿಕ್ಸರ್ ಮೊದಲಾದುವನ್ನು ಇದಕ್ಕೆ ಜೋಡಿಸಬಾರದು. ಅಮೆರಿಕದ ವಿದ್ಯುತ್ ಸಂಹಿತೆಯು ಇಂತಹ ಪೂರೈಕೆಗೆ ಮನೆಗಳಲ್ಲಿ ಎಡೆಗೊಡದೆ, ವಾಣಿಜ್ಯ ಹಾಗೂ ಕೈಗಾರಿಕಾ ಕಟ್ಟಡಗಳಲ್ಲಿ ಅರ್ಹರ ಮೇಲ್ವಿಚಾರಣೆಯಲ್ಲಿ ಮಾತ್ರ ಅವಕಾಶ ನೀಡಿರುವುದು ಎಚ್ಚರಿಕೆಯ ಮಾತೇ ಸರಿ. ಪುಸ್ತಕ ಓದಿ ತತ್ತ್ವವನ್ನು ನಾವು ಅರಿಯಬಹುದು. ತಂತಿ ಜೋಡಿಸುವ ಕೆಲಸ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರದು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ. ಹೊಸ ಸ್ಪೀಕರ್ ಕೊಳ್ಳುವ ಮೊದಲು ಮನೆಯ ಅರ್ಥಿಂಗನ್ನು ಪರೀಕ್ಷಿಸಿಕೊಳ್ಳಿರಿ. ನಮ್ಮ ಆಂಪ್ಲಿಫೈಯರಿಗೆ ಮೂರು ಪಿನ್ನಿನ ಹೊಸ ಪ್ಲಗ್ ಬಂದಿದೆ, ಕೇಬಲ್ಲಿನ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಕುಳಿತಿದೆ. ಸಮತೋಲಿತ ಪೂರೈಕೆಯ ಅಗತ್ಯ ಕೊನೆಗೂ ಬೀಳಲಿಲ್ಲ. ಕಳೆದ ವಾರ ಅದೇ ಹುಡುಗಿ ಧ್ವನಿಮುದ್ರಣವನ್ನು ಎರಡು ಬಾರಿ ಕೇಳಿ, ‘ಘಂಟೆ’ ಎಂಬುದನ್ನು ಮಹಾಪ್ರಾಣ ಸಹಿತ ಉಚ್ಚರಿಸಿದಳು.